ಉದ್ದ ಚಿಪ್ಪಿಗೆ ಉದ್ದ ಚೀಟಿ

ಕನ್ನಡಕ ಎಡಗಿವಿಯ ಕಡೆ ಒಂದಿಷ್ಟು ಎತ್ತರಕ್ಕೆ ಕೂತಿದ್ದರಿಂದ ಅಟೆಂಡರಮ್ಮನಿಗೆ ಒಂದು ಗಾಜಿನಲ್ಲಿ ಸಮುದ್ರ ಹೆಚ್ಚಾಗಿಯೂ ಇನ್ನೊಂದರಲ್ಲಿ ಆಕಾಶ ಹೆಚ್ಚಾಗಿಯೂ ಕಾಣುತ್ತಿತ್ತು. ಬಸ್ಸಿಳಿದಾಗಿನಿಂದ ಬೆರಳಲ್ಲಿ ಒತ್ತಿ ಒತ್ತಿ ಸರಿಮಾಡಿಕೊಂಡರೂ ನಾಲ್ಕು ಹೆಜ್ಜೆಗೆ ಅದು ಮತ್ತೆ ತನ್ನ ಹಟಕ್ಕೆ ಮರಳುತ್ತಿತ್ತು. ಮುಂದೆ ಪಟಾಕಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದಳು. ಪಟಾಕಿ ಅಂದರೆ ಅಕ್ಕನ ಮಗಳು. ಮೂರು ವರ್ಷದವಳಿದ್ದಾಗ ಮನೆಗೆ ಬಂದ ದೊಡ್ಡವರಿಗೆಲ್ಲ ಎದುರುತ್ತರ ಕೊಟ್ಟು ಈ ಹೆಸರು ಸಂಪಾದಿಸಿದವಳು. ಈಗ ಮೂವತ್ತಾರು. ಕನ್ನಡಕದ ಅಂಗಡಿಯಲ್ಲಿ ಗಾಜಿನ ಕೌಂಟರಿನ ಹಿಂದೆ ನಿಂತು ಫ್ರೇಮು ತೋರಿಸುತ್ತಾಳೆ. ಹೆಸರು ಉಳಿದಿತ್ತು, ಸದ್ದು ಎಂದೋ ನಿಂತುಹೋಗಿತ್ತು. ಅದು ನಿಂತದ್ದು ಯಾವ ವಾರ, ಹಗಲು ಎಷ್ಟು ಗಂಟೆಗೆ ಎಂಬುದು ಅಟೆಂಡರಮ್ಮನಿಗೆ ಗೊತ್ತಿತ್ತು. ಗೊತ್ತಿರುವುದು ತನಗೊಬ್ಬಳಿಗೇ ಎಂಬುದು ಹದಿನಾರು ವರ್ಷದಿಂದ ಗಂಟಲಲ್ಲಿ ಸಿಕ್ಕಿದ ಮುಳ್ಳು. ನುಂಗಿದರೂ ಹೋಗಲಿಲ್ಲ, ಕೆಮ್ಮಿದರೂ ಬರಲಿಲ್ಲ.

“ಚಿಕ್ಕಮ್ಮ, ಮಂಡಿನೋವಿಗೆ ಮರಳಲ್ಲಿ ನಡೀಬೇಕು ಅಂತ ಯಾವ ಡಾಕ್ಟ್ರು ಹೇಳಿದ್ದು?” ಪಟಾಕಿ ತಿರುಗದೆಯೇ ಕೇಳಿದಳು.

“ಯಾರೋ ಹೇಳಿದ್ರು.”

“ಡಾಕ್ಟ್ರಾ, ಪಕ್ಕದ್ಮನೆಯವರಾ?”

“ಪಕ್ಕದ್ಮನೆಯವ್ರೇ. ಅವರ ಮಗ ಔಷಧಿ ಅಂಗಡೀಲಿ ಇದಾನಲ್ಲ.”

“ಹಾಗಾದ್ರೆ ಡಾಕ್ಟ್ರಿಗಿಂತ ಒಂದು ಕೈ ಮೇಲೆ ಬಿಡು.”

ನಕ್ಕರು. ನಗು ಬಂದದ್ದೇ ತಡ, ಈಗ ಹೇಳಿಬಿಡಲೇ ಎನ್ನಿಸಿತು. ಬೇಡ, ಇನ್ನೂ ನೀರಿನ ಅಂಚಿಗೆ ಹೋಗಿಲ್ಲ. ಅಟೆಂಡರಮ್ಮ ಎಲ್ಲವನ್ನೂ ಕ್ರಮವಾಗಿ ಮಾಡುವವಳು. ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಟ್ರೇ ಜೋಡಿಸಿದವಳಿಗೆ ಯಾವುದರ ಹಿಂದೆ ಯಾವುದನ್ನು ಇಡಬೇಕೆಂಬುದು ಕೈಗೇ ಗೊತ್ತು. ಮೊದಲು ಚಿಪ್ಪು ಸಿಗಬೇಕು. ಬಾಗಿದ್ದೊಂದು, ನೇರದ್ದೊಂದು. ಅದನ್ನು ಪಟಾಕಿಯೇ ಕೈಯಲ್ಲಿ ಹಿಡಿದು ನೋಡಬೇಕು, ತಾನೇ ಬಾಯಿಬಿಟ್ಟು ಹೇಳಬೇಕು. ಆಮೇಲೆ ಚೀಲದಲ್ಲಿರುವ ಡಬ್ಬಿ ತೆಗೆಯುವುದು. ಆಮೇಲೆ ಮಾತು. ಆ ಮಾತನ್ನು ಮೂರು ದಿನದಿಂದ ಪಾತ್ರೆ ತೊಳೆಯುತ್ತ, ಬಟ್ಟೆ ಹಿಂಡುತ್ತ ಕಟ್ಟಿಟ್ಟುಕೊಂಡಿದ್ದಳು. ‘ಚೀಟಿ ಅದಲುಬದಲಾಗಿತ್ತಂತೆ ಕಣೇ, ನನಗೆ ಆಮೇಲೆ ಗೊತ್ತಾಯ್ತು.’ ಆಮೇಲೆ. ಆ ಒಂದು ಪದದಲ್ಲಿ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಪಟಾಕಿಗೆ ಅವಳ ಕಣ್ಣು ವಾಪಸು ಸಿಗುತ್ತದೆ, ತನಗೆ ಪಟಾಕಿ ಉಳಿಯುತ್ತಾಳೆ.

ಮೂರು ದಿನದ ಹಿಂದೆ ಕನ್ನಡಕ ನೆಟ್ಟಗೆ ಮಾಡಿಸಲೆಂದೇ ಅಂಗಡಿಗೆ ಹೋಗಿದ್ದಳು. ಯಾರೋ ಗಿರಾಕಿಯ ಮುಖದೆದುರು ಪುಟ್ಟ ಸ್ಕೇಲು ಹಿಡಿದು ಪಟಾಕಿ ಎರಡು ಕಣ್ಣಿನ ನಡುವಿನ ಅಳತೆ ತೆಗೆಯುತ್ತಿದ್ದಳು. ಒಮ್ಮೆ ತೆಗೆದಳು, ಬರೆದಳು, ಅಳಿಸಿದಳು. ಮತ್ತೆ ತೆಗೆದಳು. ಮೂರು ಸಲವೂ ಅದೇ ಅಳತೆ ಬಂತು. ಅದು ಅಟೆಂಡರಮ್ಮನಿಗೆ ಇತ್ತ ಕಡೆಯಿಂದಲೇ ಕಾಣುತ್ತಿತ್ತು. ಆದರೂ, “ಸೋಮವಾರ ಒಂದ್ಸಲ ಬನ್ನಿ ಸಾರ್, ಗಾಜು ಜೋಡಿಸೋ ಬೆಂಚಿನವರು ಇರ್ತಾರೆ, ಅವರೂ ನೋಡಿಬಿಡಲಿ” ಎಂದಳು. ಗಿರಾಕಿ ಮುಖ ಗಂಟಿಕ್ಕಿಕೊಂಡು ಹೋದ. ಅಂಗಡಿಯ ಯಜಮಾನರು ಒಳಗಿನಿಂದ ಬಂದು, “ನೀವಾದ್ರೂ ಹೇಳಿ ಅಮ್ಮ. ಬೆಂಚಿನವರು ತಿಂಗಳ ಕೊನೆಗೆ ಬಿಡ್ತಾರೆ. ಅಳತೆ, ಜೋಡಣೆ ಎಲ್ಲ ನೀವೇ ನೋಡ್ಕೊಳಿ ಅಂದ್ರೆ ಇವರು ಬೇಡ ಅಂತಾರೆ. ಹನ್ನೊಂದು ವರ್ಷದಲ್ಲಿ ಇವರ ಅಳತೆ ಒಂದೂ ತಪ್ಪಿಲ್ಲ, ಗೊತ್ತಾ? ಸೋಮವಾರ ಹೇಳ್ಬೇಕು. ಇಲ್ಲಾಂದ್ರೆ ಹೊರಗಿನವರನ್ನ ಕರೀತೀನಿ” ಎಂದರು. ತನ್ನ ಕನ್ನಡಕವನ್ನಾದರೂ ಸರಿಮಾಡು ಎಂದರೆ ಪಟಾಕಿ ಅದನ್ನು ಮುಟ್ಟಲೂ ಇಲ್ಲ. “ನಾನು ಬಗ್ಸೋಕೆ ಹೋಗಿ ಮುರಿದ್ರೆ? ಸೋಮವಾರ ಬಾ.” ಬಾಗಿಲ ತನಕ ಬಂದಾಗ, ಯಾಕೆ ಬೇಡ ಅಂತೀಯ ಅಂದದ್ದಕ್ಕೆ, ತಮಾಷೆ ಮಾಡುವ ದನಿಯಲ್ಲಿ, “ನನ್ನ ಕಣ್ಣಿಗೆ ಬಾಗಿರೋದು ಯಾವ್ದು ನೆಟ್ಟಗಿರೋದು ಯಾವ್ದು ಗೊತ್ತಾಗಲ್ಲ ಚಿಕ್ಕಮ್ಮ. ಕಾಲೇಜಲ್ಲೇ ಸಾಬೀತಾಯ್ತಲ್ಲ” ಎಂದಳು. ಆ ನಗು ನೋಡಿ ಅಟೆಂಡರಮ್ಮನ ಕೈ ತಾನಾಗಿ ಹೆಗಲಿಗೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗೆ. ಸೆರಗು ಸರಿಮಾಡಿಕೊಂಡವಳಂತೆ ನಟಿಸಿದ್ದಳು.

ನೀರಿಳಿದ ಹೊತ್ತು. ಒದ್ದೆ ಮರಳು ಬೆಳಗಿನ ಬಿಸಿಲಿಗೆ ತೊಳೆದಿಟ್ಟ ಟ್ರೇಯಂತೆ ಹೊಳೆಯುತ್ತಿತ್ತು. ಅಲೆ ಬಿಟ್ಟುಹೋದ ಗೆರೆಯುದ್ದಕ್ಕೂ ಪಾಚಿ, ಹಗ್ಗದ ಚೂರು, ಬಾಟಲಿಯ ಮುಚ್ಚಳ, ನಡುವೆ ಕತ್ತಿಚಿಪ್ಪಿನ ತುಂಡುಗಳು. ಮಡಚುವ ಕ್ಷೌರದ ಕತ್ತಿಯ ಹಿಡಿಯಂತೆ ಉದ್ದವಾಗಿ ಸಣ್ಣಗೆ ಇರುವುದರಿಂದ ಪ್ರಯೋಗಾಲಯದಲ್ಲಿ ಎಲ್ಲರೂ ಅದನ್ನು ಕತ್ತಿಚಿಪ್ಪು ಎಂದೇ ಕರೆಯುತ್ತಿದ್ದರು. ಮೇಲೆ ಕಂದು ಹಸಿರು ಸಿಪ್ಪೆ, ಹಳೇ ಬಾಗಿಲಿನ ವಾರ್ನಿಷ್‌ನಂತೆ ಏಳುವುದು. ಒಳಗೆ ಹಾಲುಬಿಳಿ, ಅಂಚಿಗೆ ನೇರಳೆಯ ನೆರಳು. ಅಟೆಂಡರಮ್ಮ ಸೊಂಟಕ್ಕೆ ಒಂದು ಕೈ ಕೊಟ್ಟು ಬಗ್ಗಿ ಒಂದನ್ನು ಎತ್ತಿದಳು. ಅರ್ಧ ಮುರಿದದ್ದು. ಮುರಿದದ್ದರಲ್ಲಿ ಬಾಗು ಗೊತ್ತಾಗುವುದಿಲ್ಲ. ಪೂರ್ತಿ ಉದ್ದ ಇದ್ದರೆ ಮಾತ್ರ ಗೊತ್ತಾಗುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ಕಲಿತದ್ದು ಒಂದು ಭಾನುವಾರ, ಬೀಗ ಹಾಕಿದ ಪ್ರಯೋಗಾಲಯದೊಳಗೆ ಒಬ್ಬಳೇ ಕೂತು, ಎರಡು ಚಿಪ್ಪನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು.

ಅದಕ್ಕೂ ಮೊದಲಿನ ವಾರ ಹೊರಗಿನಿಂದ ಪರೀಕ್ಷಕರು ಬರುತ್ತಾರೆಂದು ಗೊತ್ತಾಗಿ ಅವಳೇ ಉತ್ಸಾಹದಿಂದ ಎಲ್ಲ ಚಿಪ್ಪುಗಳನ್ನೂ ಸೋಡಾ ನೀರಿನಲ್ಲಿ ನೆನೆಹಾಕಿದ್ದಳು. ಯಾರೂ ಹೇಳಿರಲಿಲ್ಲ. ಆ ತಿಂಗಳು ಅವಳ ಕೆಲಸ ಖಾಯಂ ಆಗುವುದಿತ್ತು. ಕಾಗದ ಮೇಲೆ ಹೋಗಿತ್ತು. ಫಳಫಳ ಹೊಳೆಯುವ ಚಿಪ್ಪು ನೋಡಿ ಯಾರಾದರೂ ‘ಇದನ್ನು ಮಾಡಿದ್ದು ಯಾರು’ ಅಂದರೆ ಸಾಕಿತ್ತು. ಬೆಳಿಗ್ಗೆ ಬಂದು ನೋಡಿದರೆ ಹೆಸರಿನ ಚೀಟಿಗಳೆಲ್ಲ ಬಿಟ್ಟುಕೊಂಡು ಬೇಸಿನ್ನಿನಲ್ಲಿ ತೇಲುತ್ತಿದ್ದವು. ಶಂಖದ್ದು, ಕವಡೆಯದ್ದು, ಮುತ್ತಿನ ಚಿಪ್ಪಿನದ್ದು ನೋಡಿ ನೋಡಿ ನೆನಪಿತ್ತು, ಅಂಟಿಸಿದಳು. ಕತ್ತಿಚಿಪ್ಪಿನವು ಎರಡು ಉಳಿದವು. ಒಂದೇ ಬಣ್ಣ, ಒಂದೇ ರೂಪ. ಒಂದು ಉದ್ದ, ಒಂದು ಗಿಡ್ಡ. ಚೀಟಿಯೂ ಎರಡು, ಒಂದರಲ್ಲಿ ಉದ್ದ ಹೆಸರು, ಒಂದರಲ್ಲಿ ಗಿಡ್ಡ ಹೆಸರು, ಯಾವ ದೇಶದ್ದೋ ಭಾಷೆ. ಅವಳು ಯೋಚಿಸಲಿಲ್ಲ. ಉದ್ದ ಚಿಪ್ಪಿಗೆ ಉದ್ದ ಚೀಟಿ, ಗಿಡ್ಡ ಚಿಪ್ಪಿಗೆ ಗಿಡ್ಡ ಚೀಟಿ. ಮೈಗೆ ತಕ್ಕ ಅಂಗಿ. ಹುಳ ಹಿಡಿಯದಿರಲೆಂದು ಚಿಟಿಕೆ ನೀಲಿ ಮೈಲುತುತ್ತ ಹಾಕಿ ತಾನೇ ಕುದಿಸಿದ ಮೈದಾ ಅಂಟಿನಿಂದ ಅಂಟಿಸಿ, ಒಣಗಲು ಕಿಟಕಿಯಲ್ಲಿಟ್ಟಳು.

“ಇದ್ಯಾಕೆ ಆರಿಸ್ತಿದೀಯ?” ಪಟಾಕಿ ಹಿಂದೆ ಬಂದು ನಿಂತಿದ್ದಳು.

“ಸುಮ್ನೆ. ಮೂವತ್ತು ವರ್ಷ ತೊಳೆದಿದ್ದೆ, ಹುಟ್ಟಿದ ಜಾಗ ನೋಡಿರಲಿಲ್ಲ. ಒಂದು ಪೂರ್ತಿ ಇರೋದು ಹುಡುಕಿಕೊಡು.”

“ನನಗೆ ಅದೆಲ್ಲ ಬೇಡ” ಎಂದಳು ಪಟಾಕಿ, ಚಪ್ಪಲಿಗೆ ಚಪ್ಪಲಿ ಬಡಿದು ಮರಳು ಕೊಡವುತ್ತ.

ಸ್ವಲ್ಪ ದೂರದಲ್ಲಿ ಮೊಣಕಾಲ ತನಕ ಪ್ಯಾಂಟು ಮಡಚಿದ ಒಬ್ಬ ನಡುವಯಸ್ಸಿನವನು ಕುಕ್ಕರಗಾಲಲ್ಲಿ ಕೂತು, ಮರಳಿನ ಒಂದು ತೂತಿಗೆ ಉಪ್ಪು ಸುರಿಯುತ್ತಿದ್ದ. ಪಕ್ಕದ ಬಕೆಟ್ಟಿನಲ್ಲಿ ಜೀವಂತ ಕತ್ತಿಚಿಪ್ಪುಗಳು ನೆಟ್ಟಗೆ ನಿಂತಿದ್ದವು. ಅಟೆಂಡರಮ್ಮ ಹತ್ತಿರ ಹೋಗುತ್ತಲೇ ಅವನು ಕೈ ಎತ್ತಿದ. “ಮೆತ್ತಗೆ ಅಮ್ಮ, ಮೆತ್ತಗೆ. ಹೆಜ್ಜೆ ಸದ್ದಿಗೇ ಕೆಳಗಿಳಿದುಬಿಡುತ್ತೆ. ಇದಕ್ಕೆ ಕಿವಿ ಇಲ್ಲ, ಆದ್ರೆ ನಮ್ಮನೆಯವಳಿಗಿಂತ ಚೆನ್ನಾಗಿ ಕೇಳಿಸುತ್ತೆ.”

“ಎಳೆದ್ರೆ ಬರಲ್ವಾ?”

“ಎಳೆದ್ರೆ ತುಂಡಾಗಿ ಅರ್ಧ ಒಳಗೇ ಉಳಿಯುತ್ತೆ. ಉಪ್ಪು ತಾಗಿದ್ರೆ ಒಳಗೆ ಇರೋಕಾಗಲ್ಲ ಅದಕ್ಕೆ, ತಾನಾಗೇ ಮೇಲೆ ಬರುತ್ತೆ. ನೋಡ್ತಿರಿ.”

ಮೂವರೂ ನೋಡುತ್ತ ಕಾದರು. ತೂತಿನ ಬಾಯಲ್ಲಿ ನೀರು ಗುಳುಗುಳು ಅಂದಿತು, ನಿಂತಿತು. ಏನೂ ಆಗಲಿಲ್ಲ. ಆಮೇಲೆ ಮರಳು ಒಂದಿಷ್ಟು ಉಬ್ಬಿ, ಕಂದು ತುದಿಯೊಂದು ನಾಚಿಕೊಂಡಂತೆ ಹೊರಗೆ ಬಂತು, ಬೆರಳುದ್ದ, ಗೇಣುದ್ದ. ಅವನು ಅವಸರ ಮಾಡದೆ ಎತ್ತಿ ಬಕೆಟ್ಟಿಗೆ ಹಾಕಿದ. “ಇದರಲ್ಲಿ ಬಾಗಿದ್ದು ಒಂದು ಜಾತಿ, ನೆಟ್ಟಗಿರೋದು ಒಂದು ಜಾತಿ ಅಲ್ವಾ?” ಅಟೆಂಡರಮ್ಮ ಪಟಾಕಿಗೆ ಕೇಳಿಸುವಂತೆ ಕೇಳಿದಳು.

“ಇರಬಹುದಮ್ಮ. ಹೊಟ್ಟೆಗೆ ಹೋದ್ಮೇಲೆ ಎಲ್ಲ ಬಾಗಿದ್ದೇ” ಎಂದ ಉಪ್ಪಿನವನು, ಮುಂದಿನ ತೂತಿಗೆ ಸರಿಯುತ್ತ.

ಪಟಾಕಿ ನಗಲಿಲ್ಲ. ಬಕೆಟ್ಟನ್ನೇ ನೋಡುತ್ತಿದ್ದಳು. ಕಾಲೇಜಿನ ಪ್ರಾಯೋಗಿಕ ಪರೀಕ್ಷೆಯ ದಿನವೂ ಹೀಗೇ ನೋಡಿದ್ದಳು, ಏಳನೇ ನಂಬರಿನ ಟ್ರೇಯನ್ನು. ಪರೀಕ್ಷೆ ಮುಗಿದಿತ್ತು, ಪರೀಕ್ಷಕರು ಚಹಾ ಕುಡಿಯುತ್ತ ಒಂದೊಂದೇ ಉತ್ತರಪತ್ರಿಕೆ ಮಗುಚುತ್ತಿದ್ದರು. ಪರೀಕ್ಷೆಯ ಹೊತ್ತಿಗೆ ಮುಚ್ಚಿಟ್ಟಿದ್ದ ಚೀಟಿಗಳು ಈಗ ತೆರೆದಿದ್ದವು. ಏಳನೇ ನಂಬರಿಗೆ, ಹಿಂದಿನ ದಿನಗಳಲ್ಲಿ ಚೀಟಿ ನೋಡಿ ಕಲಿತಿದ್ದ ಎಲ್ಲರೂ ಒಂದು ಬರೆದರೆ ಪಟಾಕಿ ಇನ್ನೊಂದು ಬರೆದಿದ್ದಳು. ಹೊಸದಾಗಿ ಬಂದಿದ್ದ ಮೇಡಂ ಕೀಟಗಳ ವಿಷಯ ಓದಿದವರು, ಚಿಪ್ಪಿನ ಗಂಧ ಅಷ್ಟಕ್ಕಷ್ಟೆ. ಅವರ ಉತ್ತರದ ಪಟ್ಟಿ ಚೀಟಿ ನೋಡಿಯೇ ಬರೆದದ್ದು. ಪಟಾಕಿ ಎದ್ದು ನಿಂತು, “ಮೇಡಂ, ಇದರ ಎರಡು ಅಂಚೂ ಬಾಗಿದೆ. ಬಾಗಿದ್ರೆ ಅದು ಬೇರೆ ಜಾತಿ. ನೀವೇ ನೋಡಿ” ಎಂದಿದ್ದಳು. ಮೇಡಂ ಪರೀಕ್ಷಕರ ಮುಖ ನೋಡಿ, ಮುಖ ಕೆಂಪಗಾಗಿ, “ಚೀಟಿಗಿಂತ ನಿನ್ನ ಕಣ್ಣು ದೊಡ್ಡದಾ? ಕಣ್ಣು ಸರಿಯಿಲ್ಲದವರು ಈ ವಿಷಯ ತಗೊಳ್ಳಬಾರದು” ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಟೆಂಡರಮ್ಮ ಅದೇ ಟ್ರೇ ಹಿಡಿದು ಮೂರಡಿ ದೂರದಲ್ಲಿ ನಿಂತಿದ್ದಳು. ಬಗ್ಗಿ ನೋಡಿದಳು. ಚೀಟಿಯ ಅಂಚಿನಲ್ಲಿ ಅಂಟು ಒಣಗಿ ತೆಳು ನೀಲಿಯಾಗಿತ್ತು. ಅವಳ ಮೈದಾ, ಅವಳ ಮೈಲುತುತ್ತ. ಚಿಪ್ಪು ಬಾಗಿತ್ತು, ಕುರುಡರು ಸವರಿದರೂ ಗೊತ್ತಾಗುವಂತೆ ಬಾಗಿತ್ತು. ಕಾಲೇಜಿನಲ್ಲಿ ನಾನು ನಿನ್ನ ಚಿಕ್ಕಮ್ಮ ಅಲ್ಲ ಎಂದು ಮೊದಲ ದಿನವೇ ಹೇಳಿಟ್ಟಿದ್ದಳು, ಒಳಗಿನಿಂದ ಸ್ಪೆಸಿಮನ್ ತೋರಿಸಿದಳು ಅಂತ ಯಾರೂ ಆಡಿಕೊಳ್ಳಬಾರದೆಂದು. ಆ ಮಾತು ಅವತ್ತು ಎಷ್ಟು ಅನುಕೂಲಕ್ಕೆ ಬಂತು! ಚಿಕ್ಕಮ್ಮ ಅಲ್ಲದವಳು ಯಾಕೆ ಬಾಯಿ ತೆರೆಯಬೇಕು? ಟ್ರೇ ಎತ್ತಿಕೊಂಡು ಒಳಗೆ ಹೋದಳು.

ಅಷ್ಟಕ್ಕೇ ಆಗಿದ್ದರೆ ಇಷ್ಟು ವರ್ಷ ಮುಳ್ಳಾಗುತ್ತಿರಲಿಲ್ಲವೇನೋ. ಅಂಕ ಹೋದರೆ ಹೋಯಿತು, ಅದರಿಂದ ಯಾರೂ ಫೇಲಾಗಲಿಲ್ಲ. ಆದರೆ ಸಾಯಂಕಾಲ ಹಿತ್ತಲಲ್ಲಿ ಇಬ್ಬರೂ ಬೆಡ್‌ಶೀಟಿನ ಎರಡು ತುದಿ ಹಿಡಿದು ಹಿಂಡುತ್ತಿದ್ದಾಗ ಪಟಾಕಿ ಕೇಳಿದ್ದಳು: “ಚಿಕ್ಕಮ್ಮ, ನೀನೂ ನೋಡಿದ್ಯಲ್ಲ. ಬಾಗಿತ್ತು ಅಲ್ವಾ?” ದನಿಯಲ್ಲಿ ಇನ್ನೂ ಸದ್ದಿತ್ತು. ಒಬ್ಬರು ಹೌದು ಅಂದಿದ್ದರೆ ಸಾಕು, ಮಾರನೇ ದಿನ ಮತ್ತೆ ಸಿಡಿಯುತ್ತಿದ್ದಳು. ಅಟೆಂಡರಮ್ಮ ಬಟ್ಟೆಯನ್ನು ಇನ್ನೊಂದು ಸುತ್ತು ತಿರುಚಿ, “ನನಗೇನು ಗೊತ್ತಾಗುತ್ತೆ? ನಾನೇನು ಓದಿದವಳಾ?” ಎಂದಿದ್ದಳು. ಬೆಡ್‌ಶೀಟಿನಿಂದ ಕೊನೆಯ ಹನಿಯೂ ಬಿತ್ತು. ಮುಂದಿನ ಭಾನುವಾರ ಹೋಗಿ ಚೀಟಿಗಳನ್ನು ಬದಲಿಸಿದಳು. ಆಮೇಲಿನ ವರ್ಷದವರೆಲ್ಲ ಏಳನೇ ನಂಬರಿಗೆ ಸರಿಯಾಗಿಯೇ ಬರೆದರು.

“ಇಲ್ಲಿದೆ ನೋಡು ಒಂದು” ಎಂದಳು ಪಟಾಕಿ, ಬೇಡದ ಮನಸ್ಸಿನಿಂದ. ಪಾಚಿಯ ಕೆಳಗಿನಿಂದ ಎಳೆದಳು. ಗೇಣಿಗಿಂತ ಉದ್ದ, ಎರಡು ಅಂಚೂ ಸ್ಕೇಲಿನಷ್ಟು ನೆಟ್ಟಗೆ. ಇನ್ನು ನಾಲ್ಕು ಹೆಜ್ಜೆಗೆ ಇನ್ನೊಂದು. ಇದು ಗಿಡ್ಡ; ಜೋಡಿ ಚಿಪ್ಪು ಇನ್ನೂ ಬಿಟ್ಟುಕೊಂಡಿರಲಿಲ್ಲ, ಕೀಲು ಗಟ್ಟಿಯಾಗಿತ್ತು, ತೆರೆದರೆ ಪುಸ್ತಕದಂತೆ ತೆರೆಯುತ್ತಿತ್ತು. ಪಟಾಕಿ ಅದನ್ನು ಚಿಕ್ಕಮ್ಮನಿಗೆ ಕೊಡಲು ಕೈ ಚಾಚಿದವಳು, ಚಾಚಿದ ಕೈಯನ್ನು ಅರ್ಧಕ್ಕೇ ಹಿಂತೆಗೆದಳು. ಒಂದು ಕಣ್ಣು ಮುಚ್ಚಿ, ಚಿಪ್ಪನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ದೂರ ಸಮುದ್ರ ಮುಗಿದು ಆಕಾಶ ಶುರುವಾಗುವ ಗೆರೆಗೆ ಅದರ ಅಂಚನ್ನು ತಾಗಿಸಿ ಹಿಡಿದಳು. ಎಂಟು ವರ್ಷದವಳಿದ್ದಾಗ ಪೆನ್ಸಿಲು, ಬಾಚಣಿಗೆ, ಅಜ್ಜನ ಕೋಲು ಎಲ್ಲವನ್ನೂ ಹೀಗೇ ಬಾಗಿಲ ಚೌಕಟ್ಟಿಗೆ ಹಿಡಿದು ‘ಸೊಟ್ಟ’, ‘ನೆಟ್ಟಗಿದೆ’ ಎಂದು ತೀರ್ಪು ಕೊಡುತ್ತಿದ್ದವಳು.

“ಎರಡು ತುದಿ ಗೆರೆ ಮುಟ್ಟುತ್ತೆ, ನಡುವೆ ಮುಟ್ಟಲ್ಲ” ಎಂದಳು ತನಗೆ ತಾನೇ. ಒಡನೆಯೇ ಕೈ ಇಳಿಸಿದಳು. “ನನಗೆ ಹಾಗೆ ಕಾಣುತ್ತೆ ಅಷ್ಟೆ. ಇರಲಿಕ್ಕಿಲ್ಲ.”

ಅಟೆಂಡರಮ್ಮ ಮರಳಿನ ಮೇಲೆ ಕೂತಳು. ಮಂಡಿ ನೋವು ಈಗ ನಿಜವಾಗಿಯೂ ಬಂದಿತ್ತು. ಚೀಲದಿಂದ ತಿಂಡಿಡಬ್ಬಿ ತೆಗೆದಳು. ಒಳಗೆ ಹತ್ತಿ, ಹತ್ತಿಯೊಳಗೆ ಪ್ರಯೋಗಾಲಯದ ಆ ಎರಡು ಚಿಪ್ಪು. ಎರಡು ತಿಂಗಳ ಹಿಂದೆ, ಕೆಲಸದ ಕೊನೇ ದಿನ, ಹಳೇದೆಲ್ಲ ಬಿಸಾಡಿ ಎಂದಾಗ ಇವನ್ನು ಮಾತ್ರ ಎತ್ತಿಕೊಂಡು ಬಂದಿದ್ದಳು. ಗಿಡ್ಡ, ಬಾಗಿದ ಚಿಪ್ಪಿನ ಮೇಲೆ ಉದ್ದ ಚೀಟಿ, ಎರಡು ಸುತ್ತು ಬಂದು ಅಂಟಿಕೊಂಡಿತ್ತು.

“ಇದು ಏಳನೇ ನಂಬರು” ಎಂದಳು.

ಪಟಾಕಿ ಕೂರಲಿಲ್ಲ. ನಿಂತಲ್ಲಿಂದಲೇ ನೋಡಿದಳು. ಅಟೆಂಡರಮ್ಮ ಹೇಳುತ್ತ ಹೋದಳು: ಸೋಡಾ ನೀರು, ಬೇಸಿನ್ನಿನಲ್ಲಿ ತೇಲಿದ ಚೀಟಿಗಳು, ಉದ್ದ ಚಿಪ್ಪಿಗೆ ಉದ್ದ ಚೀಟಿ. ಹೇಳುವಾಗ ಅದು ಎಷ್ಟು ಸಣ್ಣ ವಿಷಯ ಎನ್ನಿಸಿತೆಂದರೆ ಅವಳಿಗೇ ನಾಚಿಕೆಯಾಯಿತು. ಪಟಾಕಿಯ ಬಾಯಿಯ ಒಂದು ತುದಿ ನಗುವಿಗೆ ಏಳುತ್ತಿದೆ ಎನ್ನಿಸಿತು. “ಮೈಗೆ ತಕ್ಕ ಅಂಗಿ ಅಂದ್ಕೊಂಡೆ ಕಣೇ” ಎಂದು ಸೇರಿಸಿದಳು. ಪಟಾಕಿ ನಿಜವಾಗಿಯೂ ನಕ್ಕಳು, ಮೂಗಿನಲ್ಲಿ.

“ಹಾಗಾದ್ರೆ ಅವತ್ತು ಬಾಗಿತ್ತು.”

“ಬಾಗಿತ್ತು.”

“ನನ್ನ ಕಣ್ಣು ಸರಿ ಇತ್ತು.”

“ಸರಿ ಇತ್ತು. ಈಗಲೂ ಇದೆ.”

ಇಷ್ಟಕ್ಕೆ ಮುಗಿಯಬಹುದಿತ್ತು. ಅಲೆಯೊಂದು ಹತ್ತಿರ ಬಂದು, ಯೋಚಿಸಿ, ಹಿಂದೆ ಹೋಯಿತು. ಪಟಾಕಿ ಅದನ್ನೇ ನೋಡುತ್ತ ಕೇಳಿದಳು: “ನಿನಗೆ ಯಾವಾಗ ಗೊತ್ತಾಯ್ತು?”

ಕಟ್ಟಿಟ್ಟುಕೊಂಡ ಮಾತು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಆಮೇಲೆ. ಬೇರೆ ಯಾರೋ ಹೇಳಿದರು. ಪುಸ್ತಕದಲ್ಲಿ ಚಿತ್ರ ನೋಡಿದೆ. ಯಾವುದಾದರೂ ನಡೆಯುತ್ತಿತ್ತು, ಅಡ್ಡಗೋಡೆಯ ಮೇಲೆ ದೀಪ ಇಟ್ಟಹಾಗೆ. ಹುಡುಗಿ ಬೆಂಚಿಗೆ ಕೂರುವುದಕ್ಕೆ ಅಷ್ಟು ಬೆಳಕು ಸಾಕು. ಆದರೆ ಅವಳು ಕೇಳುತ್ತಿದ್ದ ರೀತಿ ಹಾಗಿತ್ತು: ಬೆಡ್‌ಶೀಟಿನ ಆ ತುದಿ ಇನ್ನೂ ಅವಳ ಕೈಯಲ್ಲೇ ಇರುವಂತೆ, ಹದಿನಾರು ವರ್ಷದಿಂದ ಬಿಟ್ಟೇ ಇಲ್ಲದಂತೆ. ಮತ್ತೊಮ್ಮೆ ಸುಳ್ಳು ಹೇಳಿದರೆ ಈ ಕಣ್ಣಿಗೆ ಕಾಣದೆ ಇರುತ್ತದೆಯೇ?

“ಅವತ್ತೇ” ಎಂದಳು ಅಟೆಂಡರಮ್ಮ. “ನೀನು ಎದ್ದು ನಿಂತು ಹೇಳ್ತಿದ್ದಾಗಲೇ. ಅಂಟು ನೋಡಿದ ಕೂಡಲೇ.”

“ಸಾಯಂಕಾಲ ನಾನು ಕೇಳಿದಾಗ?”

“ಗೊತ್ತಿತ್ತು.”

“ಗೊತ್ತಿದ್ದೂ ಹಾಗಂದ್ಯಾ.”

“ಅಂದೆ. ಖಾಯಂ ಮಾಡೋ ಕಾಗದ ಹೋಗಿತ್ತು. ಹೆದರಿದ್ದೆ. ಮುಂದಿನ ಭಾನುವಾರ ಹೋಗಿ ಚೀಟಿ ಸರಿಮಾಡಿದೆ.”

ಪಟಾಕಿ ಮೆತ್ತಗೆ, “ಊರಿಗೆಲ್ಲ ಸರಿಮಾಡಿದೆ. ನನ್ನೊಬ್ಬಳನ್ನ ಬಿಟ್ಟು” ಎಂದಳು. ಪಟಾಕಿ ತಿರುಗಿ ನಡೆದಳು. ಉಪ್ಪಿನವನನ್ನು ದಾಟಿ, ದೋಣಿಯೊಂದನ್ನು ದಾಟಿ, ಓರೆ ಗಾಜಿನಲ್ಲಿ ಮೊದಲು ಸಮುದ್ರದಲ್ಲೂ ಆಮೇಲೆ ಆಕಾಶದಲ್ಲೂ ಸಣ್ಣದಾಗುತ್ತ ಹೋದಳು. ಹೋಗಲಿ, ಎಂದುಕೊಂಡಳು ಅಟೆಂಡರಮ್ಮ. ಬಸ್ಸಿನ ನಂಬರು ನನಗೂ ಗೊತ್ತು. ಚಿಪ್ಪುಗಳನ್ನು ಹತ್ತಿಯಲ್ಲಿ ಸುತ್ತತೊಡಗಿದಳು. ಹತ್ತಿ ಉಬ್ಬಿ ಮುಚ್ಚಳ ಕೂರಲಿಲ್ಲ. ತಲೆ ಎತ್ತಿದಾಗ ಮರಳಿನ ಮೇಲೆ ನೆರಳಿತ್ತು.

“ಎರಡು ದಿನ ನಿನ್ನ ಹತ್ರ ಮಾತಾಡಲ್ಲ ನಾನು” ಎಂದಳು ಪಟಾಕಿ. “ಫೋನೂ ಮಾಡ್ಬೇಡ.”

“ಆಯ್ತು.”

“ಅಮ್ಮನ ಹತ್ರ ಹೇಳಿಸೋದೂ ಬೇಡ.”

“ಆಯ್ತು ಕಣೇ.”

“ಏನು ಆಯ್ತು ಆಯ್ತು! ಬಾಯಿಗೆ ಬೀಗ ಹಾಕ್ಕೊಂಡು ಹದಿನಾರು ವರ್ಷ ಕೂತಿದ್ಲು, ಈಗ ಆಯ್ತಂತೆ!” ದನಿ ಏರಿತ್ತು. ಉಪ್ಪಿನವನು ಆ ಕಡೆಯಿಂದ ಕೂಗಿದ: “ಮೆತ್ತಗೆ ಅಮ್ಮ! ಎಲ್ಲ ಕೆಳಗಿಳಿದುಬಿಡ್ತವೆ!”

“ಇಳೀಲಿ!” ಎಂದು ಪಟಾಕಿ ಅವನಿಗೂ ಸಿಡಿದಳು. ಆಮೇಲೆ ಬಗ್ಗಿ, ಚಿಕ್ಕಮ್ಮನ ಮುಖದಿಂದ ಕನ್ನಡಕ ಕಿತ್ತುಕೊಂಡಳು.

ಒಮ್ಮೆಲೇ ಎಲ್ಲ ಕರಗಿತು. ಸಮುದ್ರವಿಲ್ಲ, ಆಕಾಶವಿಲ್ಲ, ಎದುರಿಗೆ ಮುಖವಿಲ್ಲದ ಒಂದು ಆಕಾರ ಮಾತ್ರ. ಅದು ಸಿಟ್ಟಿನಲ್ಲಿದೆಯೋ ಅಳುತ್ತಿದೆಯೋ ತಿಳಿಯದೆ ಅಟೆಂಡರಮ್ಮ ಮುಖ ಮೇಲೆತ್ತಿ ಕೂತಳು, ಟ್ರೇಯಲ್ಲಿಟ್ಟ ವಸ್ತುವಿನಂತೆ. ಆಕಾರ ಕೈ ಎತ್ತಿ ಏನನ್ನೋ ದೂರಕ್ಕೆ ಹಿಡಿದಂತೆ ಕಂಡಿತು. ತಂತಿ ಸಣ್ಣಗೆ ಕಿರ್ ಎಂದಿತು. ಮತ್ತೆ ಎತ್ತಿ ಹಿಡಿಯಿತು, ಒಂದೇ ಸಲ. ಆಮೇಲೆ ಎರಡು ತಣ್ಣನೆಯ, ಮರಳು ಅಂಟಿದ ಬೆರಳು ಕಿವಿಯ ಹಿಂದೆ ತಾಗಿದವು, ಕನ್ನಡಕ ಬಂದು ಮೂಗಿನ ಮೇಲೆ ಕೂತಿತು. ಎರಡು ಗಾಜಿನಲ್ಲೂ ಸಮುದ್ರ ಅಷ್ಟೇ ಇತ್ತು, ಆಕಾಶ ಅಷ್ಟೇ ಇತ್ತು, ನಡುವೆ ಗೆರೆ ಒಂದೇ.

ಪಟಾಕಿ ಆಗಲೇ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಚೀಲ ಹೆಗಲಿಗೇರಿಸಿ, ಬಸ್ಸಿನ ಕಡೆ ಹೊರಟಿದ್ದಳು. ಸರಿ ಇದೆಯಾ ಎಂದು ಅವಳು ಕೇಳಲಿಲ್ಲ.